ಅಕ್ಕಿಕಾಳಿನಷ್ಟು ಆಯ

ಸುಂದರಿ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಕುಚ್ಚಲಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದಳು. ಬಹ್ರೈನಿನ ಅಂಗಡಿಗಳಿಗೆ ಪ್ಯಾಕೆಟಿನಲ್ಲಿ ಬರುವ ಅಕ್ಕಿಯಲ್ಲಿ ಕಲ್ಲಿರುವುದಿಲ್ಲ ಎಂದು ಗಂಡ ರಾಜೀವ ಹದಿನಾಲ್ಕು ವರ್ಷಗಳಿಂದ ಹೇಳುತ್ತ ಬಂದಿದ್ದಾನೆ, ಅವಳು ಹದಿನಾಲ್ಕು ವರ್ಷಗಳಿಂದ ಹುಡುಕುತ್ತ ಬಂದಿದ್ದಾಳೆ. ಶುಕ್ರವಾರದ ರಜೆ. ಉಮ್ ಅಲ್ ಹಸ್ಸಮ್‌ನ ಗಲ್ಲಿಯಲ್ಲಿ ಬೆಳಗಿನ ಒಂಬತ್ತಕ್ಕೇ ಗೋಡೆಗಳು ಕಾದಿದ್ದವು, ಏಸಿಯ ಪೆಟ್ಟಿಗೆ ಗೊರಗೊರ ಎನ್ನುತ್ತಿತ್ತು, ಅವನು ಕಾಲು ಚಾಚಿ ಏನೂ ಯೋಚಿಸದೆ ಕುಳಿತಿದ್ದ. ತಟ್ಟೆಯಿಂದ ಒಂದು ಕಾಳು ಸಿಡಿದು ಅವನ ಪಾದದ ಬಳಿ ಬಿತ್ತು. ಅದನ್ನು ಹೆಕ್ಕಿ ತಟ್ಟೆಗೆ ಹಾಕುವ ಬದಲು ಹೆಬ್ಬೆರಳು ತೋರುಬೆರಳುಗಳ ನಡುವೆ ಅಡ್ಡಕ್ಕೆ ಹಿಡಿದು ಒತ್ತಿದ. ಆ ದಪ್ಪ ಅವನ ಬೆರಳುಗಳಿಗೆ ತೀರಾ ಪರಿಚಿತವಾಗಿತ್ತು. ಹೋದ ವಾರವಷ್ಟೇ ಅದನ್ನು ಹೀಗೇ ಮುಟ್ಟಿ, ಹೀಗೇ ಒತ್ತಿ, ಆಯಿತು ಇಷ್ಟು ಸಾಕು ಎಂದು ಉಳಿ ಕೆಳಗಿಟ್ಟಿದ್ದ. ಹೋದ ವಾರ ಅವನು ಮುಟ್ಟಿದ್ದು ಅಕ್ಕಿಯನ್ನಲ್ಲ.

ಮಂಚದ ಕೆಳಗೆ, ಹಳೆಯ ಲುಂಗಿಯಲ್ಲಿ ಸುತ್ತಿಟ್ಟ ಅವನೇ ಮಾಡಿದ ಎರಡು ಮರದ ರಿವಾಲ್ವರುಗಳಿದ್ದವು, ಒಂದು ಊರಿನ ಹಲಸಿನದು. ಅವನ್ನು ಈ ಹೊತ್ತಿಗೆ ಸುಟ್ಟಿರಬೇಕಾಗಿತ್ತು. ಅವನ್ನು ಮಾಡಿಸಿಕೊಂಡ ಎಸ್ತರ್ ಮೇಡಂ ಬುಧವಾರವೇ ಹೇಳಿದ್ದರು: ಇವನ್ನು ವಿಮಾನದಲ್ಲಿ ಒಯ್ಯುವ ಹಾಗಿಲ್ಲ, ಕಟ್ಟಡದ ಕಸದ ತೊಟ್ಟಿಗೆ ಹಾಕುವ ಹಾಗೂ ಇಲ್ಲ, ನೋಡಿದವರು ಏನೆಂದುಕೊಂಡಾರು, ನೀನೇ ತೆಗೆದುಕೊಂಡು ಹೋಗಿ ಸುಟ್ಟುಬಿಡು ರಾಜೀವ್, ಅವುಗಳ ಕೆಲಸ ಮುಗಿಯಿತು, ನಾನು ಆರಿಸಿಯಾಯಿತು. ಸುಡುವುದಕ್ಕೆ ಅವನಿಗೆ ಮನಸ್ಸು ಬಂದಿರಲಿಲ್ಲ. ಸೌದೆಯಾಗಿಸಲು ಅಂಥ ಹಲಸು ಈ ದೇಶದಲ್ಲಿ ಎಲ್ಲಿ ಸಿಗುತ್ತದೆ ಎಂದು ತನಗೆ ತಾನೇ ಸಬೂಬು ಹೇಳಿಕೊಂಡಿದ್ದ. ನಿಜವೆಂದರೆ ಅವನಿಗೆ ಅದರ ಮೇಲೆ ಮೋಹ ಹುಟ್ಟಿತ್ತು. ಈಗ ಲುಂಗಿ ಬಿಚ್ಚಿ, ಹಲಸಿನದನ್ನು ಕೈಯಲ್ಲಿ ಹಿಡಿದು, ಮೇಡಂ ಕೊಟ್ಟಿದ್ದ ಅಳತೆಯ ಕಾಗದವನ್ನು ಮೊಣಕಾಲ ಮೇಲೆ ಹರಡಿ, ದಪ್ಪ ಅಳೆಯುವ ವರ್ನಿಯರ್ ಹಚ್ಚಿದ. ಹಿಡಿಯ ಎಡಗಡೆ ಎರಡು ಮಿಲಿಮೀಟರ್ ಹೆಚ್ಚು. ಬಲಗಡೆ ಎರಡು. ಬೆನ್ನಿಗೆ ಎರಡು. ಮೂರು ಕಡೆಯೂ ಲೆಕ್ಕ ಹಾಕಿಟ್ಟ ಹಾಗೆ ಒಂದೊಂದು ಅಕ್ಕಿಕಾಳಿನಷ್ಟು ದಪ್ಪ. ಇನ್ನೊಂದನ್ನು ಅಳೆದ, ತಾನು ಕೆಲಸ ಮಾಡುವ ಮರಗೆಲಸದ ಅಂಗಡಿಯ ಮೆಷಿನ್ನಿನಲ್ಲಿ ಬೀಚ್ ಎಂಬ ವಿದೇಶಿ ಮರದಿಂದ ತೆಗೆದದ್ದನ್ನು. ಅದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಕೈಯಲ್ಲಿ ಮಾಡಿದ್ದು ಮಾತ್ರ ತಪ್ಪಿತ್ತು, ಮೇಡಂ ಆರಿಸಿಕೊಂಡದ್ದು ಅದನ್ನೇ.

ಇದು ಅಪ್ಪನ ಕೆಲಸ ಎಂದು ಅವನಿಗೆ ಕೂಡಲೇ ಗೊತ್ತಾಯಿತು. ಮನೆಯ ಸುತ್ತಳತೆಗೆ ಆಯ ಕೂಡಿಸುವುದು ಊರಿನ ಎಲ್ಲ ಆಚಾರಿಗಳಿಗೂ ಗೊತ್ತಿರುವ ಕ್ರಮ. ಲೆಕ್ಕದಲ್ಲಿ ನಷ್ಟಕ್ಕಿಂತ ಲಾಭ ಒಂದು ಕೂದಲಾದರೂ ಹೆಚ್ಚಿರಬೇಕು, ಇಲ್ಲವಾದರೆ ಆ ಮನೆಯಲ್ಲಿ ಬದುಕು ಏಳುವುದಿಲ್ಲ. ಅಪ್ಪ ಮಾತ್ರ ಆ ಕ್ರಮವನ್ನು ಮನೆಗಷ್ಟೇ ನಿಲ್ಲಿಸಿದವರಲ್ಲ. ತೊಟ್ಟಿಲಿಗೆ, ಸೌಟಿನ ಹಿಡಿಗೆ, ನೊಗಕ್ಕೆ, ಬದುಕಿರುವವರ ಕೈ ತಾಗುವ ಎಲ್ಲಕ್ಕೂ ಅಳತೆಯ ಮೇಲೆ ಒಂದು ಅಕ್ಕಿಕಾಳು ಬಿಡುತ್ತಿದ್ದರು. ಅಳತೆಗೆ ಸರಿಯಾಗಿ ಕಡಿದು ನಿಲ್ಲಿಸಿದ್ದು ಸತ್ತ ಅಳತೆ, ಅದು ಚಟ್ಟಕ್ಕೆ ಮಾತ್ರ, ಎನ್ನುತ್ತಿದ್ದರು. ಬಹ್ರೈನಿಗೆ ಬಂದ ಮೊದಲ ವಾರದಲ್ಲೇ ಕಿಚನ್ ಕಪಾಟಿನ ಬಾಗಿಲೊಂದು ಮುಚ್ಚದೆ ನಿಂತು, ಸೂಪರ್‌ವೈಸರನಿಂದ ಎಲ್ಲರೆದುರು ಬೈಸಿಕೊಂಡು, ರಾಜೀವ ಆ ಅಭ್ಯಾಸವನ್ನು ಬಿಟ್ಟಿದ್ದ. ಬಿಟ್ಟಿದ್ದೇನೆ ಎಂದು ಇಷ್ಟು ವರ್ಷ ತಿಳಿದಿದ್ದ. ಆದರೆ ಶುಕ್ರವಾರದ ಬಿಡುವಿನಲ್ಲಿ, ಮೆಷಿನ್ ಇಲ್ಲದೆ, ಅಪ್ಪನ ಉಳಿಯಿಂದ, ಊರಿನ ಹಲಸಿನ ತುಂಡನ್ನು ತೊಡೆಯ ಮೇಲಿಟ್ಟು ಕೆತ್ತಿದಾಗ ಅವನ ಕೈ ಅವನನ್ನು ಕೇಳಿರಲಿಲ್ಲ. ಸತ್ತು ಮೂವತ್ತು ವರ್ಷವಾದ ಮನುಷ್ಯ ತನ್ನ ಎರಡು ಬೆರಳುಗಳ ನಡುವೆ ಇಷ್ಟು ನಿಖರವಾಗಿ ಕುಳಿತಿದ್ದಾನೆ ಎಂಬುದು ಅವನನ್ನು ಬೆರಗುಗೊಳಿಸಿತು. ಸ್ವಲ್ಪ ಹೊತ್ತು ಅವನಿಗೆ ತಪ್ಪಿನ ನೆನಪೇ ಆಗಲಿಲ್ಲ, ಬೆರಳುಗಳನ್ನೇ ನೋಡುತ್ತ ಕುಳಿತ.

"ಎಂತ ಮಾರಾಯ್ರೇ, ಕೈಗೆ ಮುಳ್ಳು ಹೋಯ್ತಾ?" ಎಂದಳು ಸುಂದರಿ.

ಅವನು ಹೇಳಿದ. ಅವಳು ತಟ್ಟೆಯನ್ನು ಒಮ್ಮೆ ಕುಲುಕಿ, "ಒಂದು ಅಕ್ಕಿಕಾಳಲ್ವಾ. ಅಷ್ಟು ದೂರ ಅಮೆರಿಕದಲ್ಲಿ ಕೂತು ಯಾರು ಅಳೀತಾರೆ? ಅವರೇ ಸುಡ್ಲಿಕ್ಕೆ ಹೇಳಿದ್ದಾರೆ. ಸುಟ್ಟುಬಿಡಿ, ಮುಗೀತು," ಎಂದಳು. ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಸುಟ್ಟರೆ ಮುಗಿಯುತ್ತದೆ ಎಂಬುದು ನಿಜವೇ ಆಗಿತ್ತು. ಅದೇ ಅವನನ್ನು ಹೆದರಿಸಿತು.

ಎಸ್ತರ್ ಮೇಡಂ ಜುಫೈರ್‌ನ ಒಂದು ಕಟ್ಟಡದ ಏಳನೇ ಮಹಡಿಯಲ್ಲಿರುವ ಅಮೆರಿಕದ ಗಣಿತದ ಟೀಚರು. ಅರವತ್ತಮೂರು ವರ್ಷ, ಗಂಡ ತೀರಿಹೋಗಿದ್ದಾರೆ, ನಾಳೆ ಬೆಳಗಿನ ವಿಮಾನದಲ್ಲಿ ಶಾಶ್ವತವಾಗಿ ಊರಿಗೆ ಹೋಗುವವರು. ನಾಲ್ಕು ವರ್ಷದ ಹಿಂದೆ ಅವರ ಮನೆಗೆ ಪುಸ್ತಕದ ಕಪಾಟು ಕೂರಿಸಲು ರಾಜೀವನೂ ಡ್ರೈವರ್ ಮೊಯ್ದುವೂ ಹೋಗಿದ್ದರು. ಪ್ರತಿ ಹಲಗೆ ಕೂತಾಗಲೂ ಇವನು "ಸರಿ ಉಂಟಾ?" ಎನ್ನುವುದು, ಅವನು "ಸರಿ ಉಂಟು" ಎನ್ನುವುದು ಕೇಳಿ ಕೇಳಿ, ಮೇಡಂ ಆ ಎರಡು ಮಾತು ಕಲಿತುಬಿಟ್ಟಿದ್ದರು. ಆಮೇಲೆ ನಲ್ಲಿ ಸೋರಿದರೂ ಕಿಟಕಿ ಅಂಟಿಕೊಂಡರೂ ಅವನಿಗೇ ಫೋನು. ಮಳೆಗಾಲ ಶುರುವಾಯಿತೆಂದು ಊರಿನಿಂದ ಸುದ್ದಿ ಬಂದ ತಿಂಗಳಲ್ಲಿ ಒಂದು ದಿನ ಕರೆದು, ಚಹಾ ಕೊಟ್ಟು, ಒಂದು ನೋಟುಪುಸ್ತಕ ತೆಗೆದು, ಜಿಂಕೆಯ ಬೇಟೆಗೆ ಒಂದು ರಿವಾಲ್ವರ್ ಆರಿಸಬೇಕಾಗಿದೆ, ನೀನು ಸಹಾಯ ಮಾಡಬೇಕು ಎಂದರು. ಅವನು ಚಹಾದ ಲೋಟವನ್ನು ಕೆಳಗಿಟ್ಟ. ಟೀಚರು, ಅದೂ ಕನ್ನಡಕದ ದಾರ ಕುತ್ತಿಗೆಗೆ ಹಾಕಿಕೊಂಡವರು, ಇಂಥ ಮಾತನ್ನು ನಲ್ಲಿಯ ವಾಷರ್ ಬದಲಿಸಬೇಕು ಎನ್ನುವ ಸ್ವರದಲ್ಲೇ ಹೇಳಿದ್ದರು.

ಅವರ ಗುಡ್ಡಗಳಲ್ಲಿ ನವೆಂಬರಿನಲ್ಲಿ ಪರ್ಮಿಟ್ ಕೊಡುತ್ತಾರಂತೆ, ತಲೆಗೊಂದು ಜಿಂಕೆ, ಚಳಿಗಾಲವಿಡೀ ಅದೇ ಮಾಂಸ. ಗಂಡನ ರೈಫಲ್ ಇತ್ತು. ಭುಜದ ಆಪರೇಶನ್ ಆದಮೇಲೆ ಮೇಡಂ ಅವರ ಎಡಗೈ ಎದೆಯಿಂದ ಮೇಲಕ್ಕೆ ಏಳುವುದಿಲ್ಲ. ಆದರೂ ಹೋದ ವರ್ಷ ರಜೆಯಲ್ಲಿ ಹೋಗಿ ಅದರಿಂದಲೇ ಹೊಡೆದರು. ಗುಂಡು ತಾಗಿತು, ತಾಗಬೇಕಾದಲ್ಲಿ ತಾಗಲಿಲ್ಲ. ಎರಡು ದಿನ ರಕ್ತದ ಜಾಡು ಹಿಡಿದು ನಡೆದರು. ಸಿಗಲಿಲ್ಲ. ಇದನ್ನು ಹೇಳುವಾಗ ಅವರು ನೋಟುಪುಸ್ತಕದಿಂದ ತಲೆ ಎತ್ತಿರಲಿಲ್ಲ. ಇನ್ನು ನೆಲಕ್ಕೆ ಕೂತು, ಮರಕ್ಕೆ ಬೆನ್ನು ಕೊಟ್ಟು, ಎರಡು ಕೈಯನ್ನೂ ಮೊಣಕಾಲ ಮೇಲಿಟ್ಟು ಹೊಡೆಯುವಂಥದ್ದು ಬೇಕು, ರಿವಾಲ್ವರ್ ಆಗಬೇಕು, ಪಿಂಚಣಿಯವರ ಕೈಗೆಟಕಬೇಕು, ಕೈಕೊಡಬಾರದು. ಅವನಿಗೆ ಇಡೀ ಯಂತ್ರವನ್ನು ಪೆನ್ಸಿಲಿನಲ್ಲಿ ಬಿಡಿಸಿ ತೋರಿಸಿದರು. ಆರು ಗೂಡುಗಳ ಒಂದು ಉರುಳೆ, ಒಂದು ಗುಂಡು ಸಿಡಿಯದಿದ್ದರೆ ಮತ್ತೆ ಎಳೆದಾಗ ಮುಂದಿನ ಗೂಡು ತಾನಾಗಿ ನಳಿಗೆಗೆ ಎದುರಾಗಿ ನಿಲ್ಲುತ್ತದೆ, ಸಿಕ್ಕಿಕೊಳ್ಳುವ ಸ್ಪ್ರಿಂಗುಗಳು ಕಡಿಮೆ, ಆದ್ದರಿಂದ ನಂಬಬಹುದು. "ಆರು ಇವೆ ಎಂದು ಮರೆತುಬಿಡಬೇಕು, ಒಂದೇ ಎಂದು ಹಿಡಿಯಬೇಕು," ಎಂದರು. ಮೂವತ್ತು ಹೆಜ್ಜೆಯ ಒಳಗೆ ಬಂದರೆ ಮಾತ್ರ, ಅಂಗೈ ಅಗಲದ ಜಾಗಕ್ಕೆ, ಒಂದೇ ಒಂದು. ಸಾಯುವುದು ಅದಕ್ಕೆ ಗೊತ್ತಾಗಬಾರದು.

ಆಯ್ಕೆಗೆ ಉಳಿದದ್ದು ಎರಡು. ಒಂದು ಹೊಸದು, ನಲವತ್ತನಾಲ್ಕು ಎಂಬ ದೊಡ್ಡ ಗುಂಡಿನದು, ಭಾರ, ದುಬಾರಿ. ಇನ್ನೊಂದು ಮುನ್ನೂರೈವತ್ತೇಳು ಎಂಬ ಸಣ್ಣ ಗುಂಡಿನದು, ನಿವೃತ್ತ ಅರಣ್ಯ ಕಾವಲುಗಾರನೊಬ್ಬ ಜೋಪಾನವಾಗಿ ಇಟ್ಟುಕೊಂಡಿದ್ದು, ಈಗ ಅವರ ಊರಿನ ಅಂಗಡಿಯಲ್ಲಿ ಅರ್ಧ ಬೆಲೆಗೆ ಇದೆ. ಇಲ್ಲಿ ಕೂತು ಎರಡನ್ನೂ ಕೈಯಲ್ಲಿ ಹಿಡಿದು ನೋಡುವುದು ಹೇಗೆ? ಅದಕ್ಕೇ ರಾಜೀವ. ಚಿತ್ರ, ಅಳತೆ, ತೂಕ ಎಲ್ಲ ಕಾಗದದಲ್ಲಿತ್ತು. ನಳಿಗೆಯ ಜಾಗಕ್ಕೆ ಬರೀ ಕೋಲು ಸಾಕು, ಹಿಡಿ ಮತ್ತು ಭಾರ ಮಾತ್ರ ಸುಳ್ಳಾಗಬಾರದು ಎಂದಿದ್ದರು. ಅವನು ಮೀನುಗಾರರ ಅಂಗಡಿಯಿಂದ ಬಲೆಗೆ ಕಟ್ಟುವ ಸೀಸದ ಗುಂಡು ತಂದು, ಮರದೊಳಗೆ ತೂತು ಕೊರೆದು, ಗ್ರಾಮ್ ಲೆಕ್ಕದಲ್ಲಿ ತುಂಬಿದ. ಬೀಚ್ ಮರದ ಭಾರದ್ದನ್ನು ಮೇಡಂ ಮೊಣಕಾಲ ಮೇಲಿಟ್ಟು ಮೂವತ್ತು ಎಣಿಸುವಷ್ಟರಲ್ಲಿ ಮಣಿಕಟ್ಟು ಸೋತಿತು. ಹಲಸಿನದನ್ನು ಹಿಡಿದಾಗ ಅವರ ಮುಖ ಬದಲಾಯಿತು. ಗಂಟುಬಿದ್ದ ಬೆರಳುಗಳು ಒಂದೊಂದಾಗಿ ಹಿಡಿಯ ಸುತ್ತ ಕೂತವು, ಅಂಗೈ ತುಂಬಿತು. "ಇದು ನನ್ನ ಕೈಗೇ ಹುಟ್ಟಿದ್ದು, ರಾಜೀವ್." ಅವನ ಎದೆಯೂ ತುಂಬಿತ್ತು. ಅಂಗಡಿಯಲ್ಲಿ ಎಷ್ಟು ಕಪಾಟು ಮಾಡಿದರೂ ಯಾರೂ ಅವನಿಗೆ ಇಂಥ ಮಾತು ಹೇಳಿರಲಿಲ್ಲ.

ಈಗ ಗೊತ್ತಾಗಿತ್ತು, ಅವರ ಕೈಗೆ ಹುಟ್ಟಿದ್ದು ಆ ಮೂರು ಅಕ್ಕಿಕಾಳು. ಕಬ್ಬಿಣದಲ್ಲಿ ಅದು ಇರುವುದಿಲ್ಲ. ನಿಜವಾದ ಹಿಡಿ ಅವರ ಅಂಗೈಯಲ್ಲಿ ಸಡಿಲಾಗಿ ತಿರುಗುತ್ತದೆ, ಗುಂಡು ತಾಗುತ್ತದೆ, ತಾಗಬೇಕಾದಲ್ಲಿ ತಾಗುವುದಿಲ್ಲ. ಇಂದು ಸಂಜೆ, ಅಲ್ಲಿ ಬೆಳಗಾಗಿ ಅಂಗಡಿ ತೆರೆದಾಗ, ಅವರ ತಮ್ಮ ಅದನ್ನು ಕೊಂಡುತರುತ್ತಾನೆ. ಸಂಜೆಯ ಒಳಗೆ ಹೇಳಬೇಕು, ಅಥವಾ ಸುಡಬೇಕು.

ಮೊಯ್ದುವಿಗೆ ಫೋನು ಮಾಡಿದ. ಮೊಯ್ದು ಜುಮಾ ನಮಾಜು ಮುಗಿಸಿ, ಬಿಳಿ ಅಂಗಿಯಲ್ಲೇ, ಅಂಗಡಿಯ ಪಿಕಪ್ ತಂದು ನಿಲ್ಲಿಸಿದ. ಉಳ್ಳಾಲದವನು, ಇಪ್ಪತ್ತು ವರ್ಷದಿಂದ ಇಲ್ಲಿನ ರಸ್ತೆಗಳನ್ನು ಬಲ್ಲವನು, ಕ್ಯಾಮರಾಗಳನ್ನೂ ಬಲ್ಲವನು. ಚೀಲದೊಳಗೆ ಏನಿದೆ ಎಂದು ಕೇಳಿ ತಿಳಿದಮೇಲೆ ಗಾಡಿ ಸ್ಟಾರ್ಟ್ ಮಾಡಲೇ ಇಲ್ಲ.

"ಅಲ್ಲ ಮಾರಾಯ, ಇದನ್ನು ಹಿಡ್ಕೊಂಡು ನೀನು ಜುಫೈರಿಗೆ ಹೋಗ್ತಿಯಾ? ಅಮೆರಿಕದ ನೇವಿ ಬೇಸಿನ ಹತ್ರ? ಶುರ್ತಾ ಪೊಲೀಸಿನವ್ರು ನಿಲ್ಸಿದ್ರೆ ಎಂತ ಹೇಳ್ತಿ, ಒಳಗೆ ಅಪ್ಪನ ಆಯ ಉಂಟು ಅಂತ ಹೇಳ್ತಿಯಾ?"

"ಬಿಡಿಸಿ ತಂದಿದ್ದೇನೆ. ಕೋಲು ಬೇರೆ, ಹಿಡಿ ಬೇರೆ. ನೋಡಿದ್ರೆ ಉಳಿಯ ಹಿಡಿ ಅಂತ ಕಾಣ್ತದೆ."

"ಫೋನಿನಲ್ಲಿ ಹೇಳಿದ್ರೆ ಆಗುದಿಲ್ವಾ?"

"ಆಗುದಿಲ್ಲ. ಕೈಯಲ್ಲಿ ಹಿಡಿಸಿ ತೋರಿಸ್ಬೇಕು."

ಮೊಯ್ದು ಸ್ಟೇರಿಂಗ್ ಮೇಲೆ ಬೆರಳು ಬಡಿದ. "ನೀನು ಹೇಳಿದ ಮೇಲೆ ಆ ಟೀಚರು ನಾಲ್ಕು ಜನರ ಹತ್ರ ಹೇಳುದಿಲ್ವಾ, ಆಚಾರಿ ಅಳತೆ ತಪ್ಪಿದ ಅಂತ? ಅಂಗಡಿಯಲ್ಲಿ ಗೊತ್ತಾದ್ರೆ? ನಿನ್ನ ಒಂದು ಅಳತೆಯ ಮೇಲೆ ಅಲ್ವಾ ನಮ್ಮ ಇಡೀ ಅಂಗಡಿ ನಡೆಯುದು," ಎಂದ. ರಾಜೀವನನ್ನೂ ಹಿಂಡುತ್ತಿದ್ದದ್ದು ಅದೇ. ಜಿಂಕೆಗಿಂತ ಮೊದಲು ಅವನಿಗೆ ನೆನಪಾಗುತ್ತಿದ್ದದ್ದು ತನ್ನ ಹೆಸರು. ಇದಕ್ಕೆ ಅವನಿಗೆ ನಾಚಿಕೆಯಾಯಿತು. ಮೊಯ್ದು "ಬಿಸ್ಮಿಲ್ಲಾ" ಎಂದು ಗೇರು ಹಾಕಿದ. ಗಾಡಿ ಸೇತುವೆ ಏರಿತು. ಎಡಕ್ಕೆ ಸಮುದ್ರ ತೆಳ್ಳಗೆ, ಬೆಳ್ಳಗೆ ಇತ್ತು, ಬಿಸಿಲಿಗೆ ಕಣ್ಣು ಕಿರಿದಾಯಿತು, ಕಿರಿದಾದ ಕಣ್ಣಿನಲ್ಲಿ ಮೂವತ್ತು ವರ್ಷದ ಹಿಂದಿನ ಊರು, ಬೇಟೆಗಾರ ದೂಮಣ್ಣ ಗೇರುಗುಡ್ಡದ ಮುರಕಲ್ಲಿನ ಮೇಲೆ ಕುಕ್ಕುರುಗಾಲಲ್ಲಿ ಕುಳಿತಿದ್ದ.

ದೂಮಣ್ಣನಿಗೆ ಮದ್ದು ತುಂಬಿ ಹೊಡೆಯುವ ಒಂದು ನಳಿಗೆಯ ಕೇಪಿನ ಕೋವಿ ಇತ್ತು. ಲೈಸೆನ್ಸ್ ಎಂಬುದನ್ನು ಅವನು ಕಂಡವನಲ್ಲ. ಅಪ್ಪ ಸತ್ತ ಆರನೇ ತಿಂಗಳಿಗೆ ಅದರ ಮರದ ಹಿಡಿ ಸೀಳಿತೆಂದು ರಾಜೀವನಲ್ಲಿಗೆ ತಂದ. ರಾಜೀವನಿಗಾಗ ಇಪ್ಪತ್ತೆರಡು ವರ್ಷ, ಸ್ವಂತ ಹೆಸರಿನಲ್ಲಿ ಸಿಕ್ಕಿದ ಮೊದಲ ಕೆಲಸ. ಅಪ್ಪನ ಹಾಗೆಯೇ ಮಾಡಬೇಕೆಂದು ಅಪ್ಪನಿಗಿಂತ ಹೆಚ್ಚು ಆಯ ಬಿಟ್ಟ. ಕೆಲಸ ನೋಡಲು ಬಾ ಎಂದು ದೂಮಣ್ಣ ಗುಡ್ಡಕ್ಕೆ ಕರೆದುಕೊಂಡು ಹೋದ. ಇಳಿಹೊತ್ತು, ಬಿದ್ದ ಗೇರುಹಣ್ಣಿನ ಹುಳಿವಾಸನೆ, ಅದನ್ನು ತಿನ್ನಲು ಘಟ್ಟದ ಬುಡದಿಂದ ಇಳಿದು ಬರುವ ಜಿಂಕೆಗಳು. ದೂಮಣ್ಣ ಕೋವಿಯನ್ನು ಹೆಗಲಿಗೆ ಏರಿಸಿದಾಗ ಹಿಡಿಯ ತುದಿ ಕಂಕುಳಿನ ಬಟ್ಟೆಗೆ ಸಿಕ್ಕಿತು. ಅವನು ಅದನ್ನು ಬಿಡಿಸಿ, ಮತ್ತೆ ಏರಿಸಿ, ಮತ್ತೆ ಸಿಕ್ಕಿ, ತಿರುಗಿ ನೋಡದೆ ಪಿಸುಮಾತಿನಲ್ಲಿ ಕೇಳಿದ: "ಸರಿ ಉಂಟಾ ರಾಜೀವ?" ರಾಜೀವ ಕಂಡಿದ್ದ. ಉದ್ದವಾಗಿದೆ ಎಂದು ಅವನಿಗೆ ಕಂಡಿತ್ತು. "ಸರಿ ಉಂಟು," ಎಂದ. ಗುಂಡು ಕೆಳಗೆ ಹೋಯಿತು. ಜಿಂಕೆಯ ಮುಂಗಾಲು ಮೊಣಕಾಲಿನಲ್ಲಿ ಮುರಿದು ನೇತಾಡಿತು. ಅದು ಕೂಗಲಿಲ್ಲ. ಮೂರು ಕಾಲಿನಲ್ಲಿ ನಿಂತು, ಯಾರು ಎಂದು ಕೇಳುವಂತೆ ಇವರ ಕಡೆ ನೋಡಿ, ಪೊದೆಯೊಳಗೆ ಇಳಿಯಿತು. ಕತ್ತಲಾಗುತ್ತದೆಂದು ಇಬ್ಬರೂ ಹಿಂದೆ ಹೋಗಲಿಲ್ಲ. ಮೂರನೆಯ ದಿನ ಊರಿನ ನಾಯಿಗಳು ಗುಡ್ಡದ ಆ ಬದಿಗೆ ಓಡುವುದನ್ನು ಅವನು ಚಾವಡಿಯಲ್ಲಿ ಕೂತು ನೋಡಿದ. ದೂಮಣ್ಣ ಮದ್ದಿಗೆ ಥಂಡಿ ಹಿಡಿದಿತ್ತು ಎಂದು ಎಲ್ಲರಿಗೂ ಹೇಳಿದ. ರಾಜೀವ ಯಾರಿಗೂ ಏನನ್ನೂ ಹೇಳಲಿಲ್ಲ, ಮದುವೆಯಾದ ಮೇಲೆ ಸುಂದರಿಗೂ ಹೇಳಲಿಲ್ಲ. ಮೂರು ಕಾಲಿನ ಆ ಜಿಂಕೆಗೆ ಈಗಲೂ ವಯಸ್ಸಾಗಿಲ್ಲ, ಹೆಚ್ಚುಕಡಿಮೆ ಪ್ರತಿ ವರ್ಷ ಒಮ್ಮೆ ಅದು ತಿರುಗಿ ನೋಡುತ್ತದೆ.

"ಇಳಿ ಮಾರಾಯ. ಬೇಗ ಬಾ," ಎಂದ ಮೊಯ್ದು. "ನಾನು ಇಲ್ಲೇ ಕೆಳಗೆ ಇರ್ತೇನೆ. ಯಾರಾದ್ರು ಹಿಡಿದ್ರೆ ನನಗೆ ನಿನ್ನ ಗುರ್ತ ಇಲ್ಲ."

ಮೇಡಂ ಅವರ ಮನೆ ಖಾಲಿಯಾಗಿತ್ತು. ಅವನು ಕೂರಿಸಿದ ಕಪಾಟು ಮಾತ್ರ ಗೋಡೆಯಲ್ಲಿತ್ತು, ಪುಸ್ತಕಗಳಿಲ್ಲದೆ. ಎರಡು ಸೂಟ್‌ಕೇಸು, ಒಂದು ಕುರ್ಚಿ, ಅಡುಗೆ ಕಟ್ಟೆಯ ಮೇಲೆ ಆ ನೋಟುಪುಸ್ತಕ. ವಿದಾಯ ಹೇಳಲು ಬಂದ ಎಂದುಕೊಂಡು ಅವರು ಸಂತೋಷಪಟ್ಟರು. ಅದು ಅವನಿಗೆ ಇನ್ನಷ್ಟು ಕಷ್ಟವಾಯಿತು. ತನಗೆ ಗೊತ್ತಿರುವ ಇಂಗ್ಲಿಷನ್ನು ಗಾಡಿಯಲ್ಲೇ ಜೋಡಿಸಿಟ್ಟುಕೊಂಡಿದ್ದ. ಅದೆಲ್ಲ ಉದುರಿಹೋಗಿ, "ಮೇಡಂ, ಮೈ ಮೆಷರ್ ರಾಂಗ್," ಎಂದಷ್ಟೇ ಬಂತು. ಚೀಲದಿಂದ ಹಿಡಿ ತೆಗೆದ. ವರ್ನಿಯರ್ ತೆಗೆದ. ಕಾಗದದ ಅಂಕಿ ತೋರಿಸಿದ, ಮರದ ಅಂಕಿ ತೋರಿಸಿದ. ಜೇಬಿನಿಂದ ಆ ಅಕ್ಕಿಕಾಳನ್ನೂ ತೆಗೆದು ಕಟ್ಟೆಯ ಮೇಲಿಟ್ಟ. ಅಪ್ಪ, ಹ್ಯಾಬಿಟ್, ಲಿವಿಂಗ್ ಪೀಪಲ್, ಒನ್ ರೈಸ್ ಎಕ್ಸ್‌ಟ್ರಾ ಎಂದು ತಡವರಿಸಿದ. ಕಿವಿ ಬಿಸಿಯಾಗಿತ್ತು. ಐವತ್ತೆರಡರ ವಯಸ್ಸಿನಲ್ಲಿ ಗಣಿತದ ಟೀಚರ ಎದುರು ತಪ್ಪು ಲೆಕ್ಕ ಹಿಡಿದು ನಿಲ್ಲುವುದು ಎಂಥದೆಂದು ಅವನಿಗೆ ಗೊತ್ತಾಯಿತು.

ಅವರು ಬೈಯಲಿಲ್ಲ. ಕನ್ನಡಕ ಏರಿಸಿ, ತಾವೇ ಮೂರು ಕಡೆ ಅಳೆದು, ಮೂರು ಅಂಕಿ ಬರೆದುಕೊಂಡರು. ಅಕ್ಕಿಕಾಳನ್ನು ಬೆರಳ ತುದಿಯಲ್ಲಿ ಹೊರಳಿಸಿ ನೋಡಿದರು. "ಸುಟ್ಟಿದ್ದರೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ," ಎಂದರು.

"ಇಲ್ಲ ಮೇಡಂ."

"ಅದಕ್ಕೆ ಗೊತ್ತಾಗುತ್ತಿತ್ತು," ಎಂದರು. ಯಾವುದಕ್ಕೆ ಎಂದು ಹೇಳಲಿಲ್ಲ. ಬೇಕಾಗಿಯೂ ಇರಲಿಲ್ಲ. ಅವನು, ಬೇರೆ ಹಿಡಿ ಮಾಡಿಕೊಡುತ್ತೇನೆ, ಆಯವಿರುವ ಹಲಸಿನ ಹಿಡಿ, ಕಬ್ಬಿಣಕ್ಕೆ ಕೂಡಿಸುವಂತೆ ಎಂದ. ಹೇಳುತ್ತಿರುವಾಗಲೇ ಅವನಿಗೆ ಗೊತ್ತಿತ್ತು, ಕಬ್ಬಿಣವನ್ನು ಕಣ್ಣಿನಲ್ಲಿ ಕಾಣದೆ ಕೂಡಿಸಿದ ಹಿಡಿ ಮೊದಲ ಹೊಡೆತಕ್ಕೇ ಅಲುಗಾಡುತ್ತದೆ. ಅವರೂ ಬೇಡವೆಂದು ತಲೆ ಅಲ್ಲಾಡಿಸಿದರು. "ಕೆತ್ತಿಬಿಡು. ಕಾಗದದಲ್ಲಿ ಇರುವಷ್ಟೇ ಮಾಡು. ನಿಜ ಎಷ್ಟಿದೆ ನೋಡೋಣ."

ಅಡುಗೆ ಕಟ್ಟೆಯ ಮೇಲೆ ಹಿಡಿಯನ್ನಿಟ್ಟು ಅಪ್ಪನ ಉಳಿಯಿಂದ ಅಪ್ಪನ ಅಕ್ಕಿಕಾಳುಗಳನ್ನು ತೆಗೆದ. ಹಲಸು ಹಳದಿ ಸುರುಳಿಯಾಗಿ ಎದ್ದು ಬಂತು. ಅವನ ಕೈ ಒಪ್ಪುತ್ತಿರಲಿಲ್ಲ, ಪ್ರತಿ ಸಲವೂ ಮೊದಲೇ ನಿಲ್ಲುತ್ತಿತ್ತು, ವರ್ನಿಯರ್ ನೋಡಿ ಅದನ್ನು ಮುಂದೆ ದೂಡಬೇಕಾಗುತ್ತಿತ್ತು. ಸತ್ತ ಅಳತೆಗೆ ಬಂದು ನಿಂತಾಗ ಅವನಿಗೆ ಅಪ್ಪ ಎರಡನೇ ಸಲ ತೀರಿಕೊಂಡ ಹಾಗೆ ದುಃಖವಾಯಿತು. ಕೋಲು ಕೂಡಿಸಿದ. ಆಮೇಲೆ ಚೀಲದಲ್ಲಿದ್ದ ಪುಟ್ಟ ಲೇಸರನ್ನು, ಗೋಡೆಗೆ ಕಪಾಟು ಸಮವಾಗಿ ಕೂರಿಸಲು ಕೆಂಪು ಚುಕ್ಕೆ ಬಿಡುವ ಅಂಗಡಿಯದನ್ನು, ಕೋಲಿನ ಮೇಲೆ ಟೇಪಿನಿಂದ ಬಿಗಿದ. ಒಂದು ತುದಿಯಲ್ಲಿ ಅಕ್ಕಿಕಾಳಿನಷ್ಟು ತಪ್ಪಿದರೆ ಇನ್ನೊಂದು ತುದಿಯಲ್ಲಿ ಎಷ್ಟಾಗುತ್ತದೆ ಎಂಬುದು ಆಚಾರಿಗೆ ಹೇಳಿಕೊಡಬೇಕಾದ ಮಾತಲ್ಲ. ಮೇಡಂ ನೋಡಿ ಕೂಡಲೇ ಅರ್ಥಮಾಡಿಕೊಂಡರು, ಮೊದಲ ಬಾರಿಗೆ ನಕ್ಕರು.

ಏಳನೇ ಮಹಡಿಯ ಕಾರಿಡಾರು ಉದ್ದಕ್ಕೆ, ತಣ್ಣಗೆ, ಎರಡೂ ಕಡೆ ಮುಚ್ಚಿದ ಬಾಗಿಲುಗಳೊಂದಿಗೆ ಇತ್ತು. ಮೇಡಂ ಒಂದು ತುದಿಯ ಗೋಡೆಗೆ ಬೆನ್ನು ಕೊಟ್ಟು ನೆಲಕ್ಕೆ ಕೂತು ಮೊಣಕಾಲು ಮಡಚಿದರು. ಅವನು ಹೆಜ್ಜೆ ಎಣಿಸುತ್ತ ಹೊರಟ. ಹನ್ನೆರಡನೇ ಹೆಜ್ಜೆಗೆ ಲಿಫ್ಟಿನ ಬಾಗಿಲು ತೆರೆದು, ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು ಹೊರಬಂದು, ನೆಲದ ಮೇಲೆ ಕೂತ ಟೀಚರನ್ನು ನೋಡಿ ನಿಂತಳು. ಮೇಡಂ ಮರವನ್ನು ಮಡಚಿದ ಕಾಲಿನ ಕೆಳಗೆ ಸರಿಸಿ ಗುಡ್ ಆಫ್ಟರ್‌ನೂನ್ ಎಂದರು, ಪ್ಯಾಕಿಂಗ್ ಮಾಡಿ ಸುಸ್ತಾಯಿತು ಎಂದರು. ಅವಳು ಒಳಗೆ ಹೋಗಿ ಬಾಗಿಲು ಹಾಕುವವರೆಗೂ ರಾಜೀವ ಬೆಂಕಿ ನಂದಿಸುವ ಸಿಲಿಂಡರಿನ ಮೇಲಿನ ಬರಹವನ್ನು ಓದುತ್ತ ನಿಂತ. ಮೂವತ್ತಕ್ಕೆ ಕಾರಿಡಾರು ಮುಗಿಯಿತು. ತಿರುಗಿ, ಬೆನ್ನನ್ನು ಗೋಡೆಗೆ ಹಚ್ಚಿ, ಎಡ ಅಂಗೈಯನ್ನು ಎದೆಯ ಮೇಲೆ ಅಗಲಿಸಿ ಇಟ್ಟ. ಇಷ್ಟು ಜಾಗ, ಇದರ ಒಳಗೆ.

ಕೆಂಪು ಚುಕ್ಕೆ ಬಂದು ಅವನ ಬಿಳಿ ಅಂಗಿಯ ಮೇಲೆ ಕೂತಿತು. ಕೂತಿತು ಎನ್ನುವ ಹಾಗಿರಲಿಲ್ಲ. ಅದು ಭುಜದಿಂದ ಹೊಟ್ಟೆಗೆ ಇಳಿಯಿತು, ಪಕ್ಕೆಗೆ ಹೋಯಿತು, ಒಮ್ಮೆ ಅವನನ್ನೇ ಬಿಟ್ಟು ಗೋಡೆಗೆ ಹೋಗಿ ಮರಳಿತು. ಹೀಗೆ ಗುರಿಯ ಜಾಗದಲ್ಲಿ ನಿಂತು ಅವನು ಇದುವರೆಗೆ ನೋಡಿರಲಿಲ್ಲ. ಗೇರುಗುಡ್ಡದಲ್ಲಿ ಅವನು ದೂಮಣ್ಣನ ಹಿಂದಿದ್ದ. ಆ ತುದಿಯಲ್ಲಿ ಬೂದುಗೂದಲಿನ ತಲೆ, ಒಂದು ಮುಚ್ಚಿದ ಕಣ್ಣು, ಒಂದು ತೆರೆದ ಕಣ್ಣು. ತೆರೆದ ಕಣ್ಣು ಅವನ ಮೈಯಲ್ಲಿ ಜಾಗ ಹುಡುಕುತ್ತಿತ್ತು, ದ್ವೇಷವಿಲ್ಲದೆ, ಬಹಳ ಎಚ್ಚರದಿಂದ. ಬರೀ ಮರ, ಬರೀ ಬೆಳಕು ಎಂದು ಗೊತ್ತಿದ್ದೂ ಅವನ ಮೈಯ ಕೂದಲೆಲ್ಲ ಎದ್ದು ನಿಂತವು.

"ಸರಿ ಉಂಟಾ?" ಎಂದು ಕೇಳಿದರು ಮೇಡಂ, ಕನ್ನಡದಲ್ಲಿ. ಮೆಲ್ಲಗೆ ಕೇಳಿದರೂ ಕಾರಿಡಾರು ಅದನ್ನು ಹೊತ್ತು ತಂದಿತು.

"ಇಲ್ಲ," ಎಂದ. ಅದು ಬಾಯಿಂದ ಹೊರಗೆ ಬರಲು ಮೂವತ್ತು ವರ್ಷ ಬೇಕಾಗಿತ್ತು.

ಐದು ಹೆಜ್ಜೆ ಮುಂದೆ ಬಂದ. ಚುಕ್ಕೆ ಅಂಗಿಯನ್ನು ಬಿಟ್ಟು ಹೋಗುವುದು ನಿಂತಿತು, ಆದರೆ ಭುಜದಿಂದ ಭುಜಕ್ಕೆ ಅಲೆಯಿತು. "ಸರಿ ಉಂಟಾ?" "ಇಲ್ಲ." ಮತ್ತೆ ಐದು. "ಇಲ್ಲ, ಮೇಡಂ." ಹದಿನೈದಕ್ಕೆ ಬಂದಾಗ ಅವರು ಕೈ ಇಳಿಸಿದರು. ಬೆರಳುಗಳನ್ನು ಬಿಡಿಸಿ ಮಡಚಿ, ಗೋಡೆಗೆ ತಲೆ ಆನಿಸಿ, "ಸಾಕು, ರಾಜೀವ್. ಇದಕ್ಕಿಂತ ಹತ್ತಿರ ಯಾವ ಜಿಂಕೆಯೂ ಬರುವುದಿಲ್ಲ. ತಮ್ಮನಿಗೆ ಬೇಡ ಎಂದು ಹೇಳಿಬಿಡುತ್ತೇನೆ. ಇನ್ನು ಮಾಂಸದ ಅಂಗಡಿಯೇ ಸರಿ," ಎಂದರು. ನಗುತ್ತ ಹೇಳಿದರೂ ಅವರಿಗೆ ವಯಸ್ಸಾದದ್ದು ಆ ಗಳಿಗೆಯಲ್ಲೇ ಎಂಬಂತೆ ಮುಖ ಸೋತಿತ್ತು.

ಇಲ್ಲಿಗೆ ಅವನು ಸುಮ್ಮನಿರಬಹುದಾಗಿತ್ತು. ಒಂದು ಜಿಂಕೆ ಉಳಿಯುತ್ತಿತ್ತು, ಅವನ ಬಾಕಿಯೂ ತೀರುತ್ತಿತ್ತು. ಆದರೆ ಅವರು ಕೇಳಿದ್ದು ನಿಜವನ್ನು, ಅವನಿಗೆ ಗೊತ್ತಿದ್ದ ನಿಜ ಬೇರೆ ಇತ್ತು. ಹೋದ ಚಳಿಗಾಲದಲ್ಲಿ ದಕ್ಷಿಣದ ಮರುಭೂಮಿಯ ಬದಿಯಲ್ಲಿ ಒಬ್ಬ ಅರಬ್ ಶೇಖನ ತೋಟದ ಮನೆಗೆ ಮರದ ಚಪ್ಪರ ಹಾಕಲು ಹೋಗಿದ್ದ. ಅಲ್ಲಿ ರೀಮ್ ಎಂದು ಕರೆಯುವ ಮರಳುಬಣ್ಣದ ಜಿಂಕೆಗಳಿದ್ದವು, ಬೇಲಿ ಎಲ್ಲೋ ಕಣ್ಣಿಗೆ ಕಾಣದಷ್ಟು ದೂರ. ಊಟದ ಹೊತ್ತಿನಲ್ಲಿ ಒಬ್ಬನೇ ಮರಕ್ಕೆ ಒರಗಿ, ಊಟ ಮುಗಿದ ಮೇಲೂ ಏಳಲು ಬೇಸರವಾಗಿ ಹಾಗೇ ಕುಳಿತಿದ್ದ. ಒಂದು ಗಂಟೆಯೇ ಆಗಿರಬೇಕು. ಮರಳೇ ಎದ್ದು ನಡೆದ ಹಾಗೆ ಒಂದು ರೀಮ್ ಬಂತು. ಹತ್ತು ಹೆಜ್ಜೆಯಲ್ಲಿ ನಿಂತಿತು. ಒದ್ದೆ ಮೂಗು, ರೆಪ್ಪೆಗೂದಲು, ಎದೆಯ ಬಿಳಿಯಲ್ಲಿ ಒಳಗಿನ ಬಡಿತ ಕಾಣುತ್ತಿತ್ತು. ಅದು ಅವನನ್ನು ಮರ ಎಂದುಕೊಂಡಿತೋ, ಮನುಷ್ಯನೆಂದು ಗೊತ್ತಿದ್ದೂ ಬಂತೋ. ನಾಲ್ಕು ಕಾಲೂ ಸರಿಯಾಗಿದ್ದವು. ಅವನು ಕಣ್ಣೀರು ಬಂದದ್ದನ್ನು ಒರೆಸಲೂ ಕೈ ಎತ್ತದೆ ಕುಳಿತಿದ್ದ. ಜಗತ್ತಿನಲ್ಲಿ ಇಂಥದೊಂದು ಇದೆ, ಅದು ನನ್ನ ಹತ್ತಿರ ತಾನಾಗಿ ಬಂತು ಎಂಬುದರ ಮುಂದೆ ಅವನಿಗೆ ಬೇರೇನೂ ತೋಚಿರಲಿಲ್ಲ.

"ಬರ್ತದೆ, ಮೇಡಂ," ಎಂದ. ಇಂಗ್ಲಿಷ್ ಹುಡುಕಲಿಲ್ಲ, ಕೈಸನ್ನೆ ಮಾಡಿ ತೋರಿಸಿದ: ಮರ, ಬೆನ್ನು, ಸುಮ್ಮನೆ, ಸುಮ್ಮನೆ. "ಸುಮ್ಮನೆ ಕೂತ್ರೆ ಬರ್ತದೆ. ಐ ಸಾ. ಟೆನ್ ಸ್ಟೆಪ್."

"ಅಷ್ಟು ಹತ್ತಿರ ಬಂದರೆ ನನ್ನಿಂದ ಆಗುತ್ತದೆಯೋ ಗೊತ್ತಿಲ್ಲ," ಎಂದರು. ಆಮೇಲೆ ಮರವನ್ನು ಮತ್ತೆ ಎತ್ತಿ ಎರಡು ಮಣಿಕಟ್ಟುಗಳನ್ನೂ ಮೊಣಕಾಲ ಮೇಲೆ ಊರಿದರು.

ಅವನು ನಡೆದ. ಹದಿನಾಲ್ಕು, ಹದಿಮೂರು. ಇಷ್ಟು ನಿಧಾನವಾಗಿ ಅವನು ಯಾವತ್ತೂ ನಡೆದಿರಲಿಲ್ಲ. ಹನ್ನೆರಡಕ್ಕೆ ಚುಕ್ಕೆ ಅಂಗೈಯ ಅಂಚನ್ನು ಮುಟ್ಟಿ ಹೊರಗೆ ಹೋಯಿತು, ಹನ್ನೊಂದಕ್ಕೆ ಒಳಗೆ ಬಂದು ಮತ್ತೆ ಹೋಯಿತು. ಹತ್ತಕ್ಕೆ ನಿಂತ. ಮೇಡಂ ಅವರ ಬೆರಳಿನ ಗಂಟುಗಳು ಬೆಳ್ಳಗಾಗಿದ್ದದ್ದು, ಹಿಡಿಯ ಅಂಚಿನಲ್ಲಿ ಉಳಿದಿದ್ದ ಹಲಸಿನ ಒಂದು ಹಳದಿ ಎಳೆ, ಅವರು ಉಸಿರು ಹಿಡಿದದ್ದು ಎಲ್ಲ ಕಂಡಿತು. ಅವನು ಅಂಗೈಯನ್ನು ಎದೆಯಿಂದ ತೆಗೆದ. ಅಂಗೈ ಇದ್ದ ಜಾಗದಲ್ಲೇ ಕೆಂಪು ಚುಕ್ಕೆ ಇತ್ತು. ಅವನು ಉಸಿರು ಎಳೆದಾಗ ಅಂಗಿ ಏರಿತು, ಬಿಟ್ಟಾಗ ಇಳಿಯಿತು, ಚುಕ್ಕೆ ಅಲ್ಲೇ ಇತ್ತು.

"ಸರಿ ಉಂಟಾ?" ಎಂದರು. ಅವರ ಸ್ವರ ಸಣ್ಣದಾಗಿತ್ತು.

ರಾಜೀವ ತಲೆ ಬಗ್ಗಿಸಿ ತನ್ನ ಎದೆಯನ್ನು ನೋಡಿಕೊಂಡ. ಆಚಾರಿ ನೋಡುವ ಹಾಗೆ, ತಪ್ಪು ಹುಡುಕುತ್ತ ನೋಡಿದ. ತಪ್ಪು ಇರಲಿಲ್ಲ.

"ಸರಿ ಉಂಟು," ಎಂದ.